ಬೆಂಕಿ ಬರೆಯುವ ಮೊದಲು ಮೆದೆ ಒಟ್ಟಿ

ಪ್ರಶ್ನೆ: ನಾನು ಬೆಂಗಳೂರಿನ ವಿಜಯನಗರದವಳು. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹೈಸ್ಕೂಲು, ಪಿಯುಸಿ ಓದುವ ಮಕ್ಕಳಿಗಾಗಿ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಬಂಡೀಪುರದ ಅಂಚಿನ ಹಳ್ಳಿ, ಬೇಸಾಯದ ಮನೆ, 15 ವರ್ಷದ ಹುಡುಗಿ. ಕಾಡಿಗೆ ಬಿದ್ದ ಬೆಂಕಿ ಅವರ ಹೊಲದ ಕಡೆ ಬರುತ್ತದೆ. ಮೊದಲ ಅಧ್ಯಾಯದಲ್ಲೇ ಬೆಂಕಿ ಇಟ್ಟಿದ್ದೇನೆ. ಓದಿದ ಗೆಳತಿ 'ಚೆನ್ನಾಗಿದೆ, ಆದರೆ ಭಯ ಆಗಲಿಲ್ಲ' ಅಂದಳು. ಪುಸ್ತಕ ಪ್ರಕಟಿಸುವ ಪರಿಚಯದವರೊಬ್ಬರು 'ಬೇಸಾಯದ ಭಾಗ ಕಡಿಮೆ ಮಾಡಿ, ಸಿಟಿ ಮಕ್ಕಳಿಗೆ ಬೋರ್ ಆಗುತ್ತೆ' ಅಂದರು. ಏನು ಮಾಡಲಿ? ಕಾಡಿನ ಬೆಂಕಿ ನಿಜವಾಗಿ ಹೇಗೆ ಬರುತ್ತದೆ? ಬೆಂಕಿ ಹಚ್ಚಿದವರು ಯಾರು ಅಂತ ತೋರಿಸಲಿ?

ಉತ್ತರ: ನೀವು ಕಳಿಸಿದ ಮೂರು ಅಧ್ಯಾಯಗಳನ್ನೂ ಎರಡೆರಡು ಸಲ ಓದಿದೆ. ನಾನು ಹುಟ್ಟಿದ್ದು ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಹಳ್ಳಿಯಲ್ಲಿ. ಈಗ ಇಪ್ಪತ್ತು ವರ್ಷದಿಂದ ಬೆಂಗಳೂರಿನಲ್ಲಿ ಮಕ್ಕಳ ಪುಸ್ತಕ ತಿದ್ದುವ ಕೆಲಸ. ಹಾಗಾಗಿ ನಿಮ್ಮ ಹುಡುಗಿಯ ಹೊಲವೂ ಗೊತ್ತು, ನಿಮ್ಮ ಹಸ್ತಪ್ರತಿಯ ಕಷ್ಟವೂ ಗೊತ್ತು.

ಬೇಸಾಯದ ಭಾಗ ಕಡಿಮೆ ಮಾಡಬೇಡಿ. ಜಾಸ್ತಿ ಮಾಡಿ. ನಿಮ್ಮ ಗೆಳತಿಗೆ ಭಯ ಆಗದೇ ಇದ್ದದ್ದಕ್ಕೆ ಕಾರಣ ಅಲ್ಲೇ ಇದೆ. ಬೆಂಕಿಯನ್ನು ನೀವು ಚೆನ್ನಾಗಿಯೇ ಬಣ್ಣಿಸಿದ್ದೀರಿ. ಆದರೆ ಸುಡುತ್ತಿರುವುದು ಏನು ಅಂತ ಆಕೆಗೆ ಗೊತ್ತಿಲ್ಲ.

ನಿಮ್ಮ ಮೊದಲ ಅಧ್ಯಾಯದಲ್ಲಿ ಒಂದು ವಾಕ್ಯ ಇದೆ: 'ಹಿತ್ತಲಿನ ಹುಲ್ಲಿನ ಮೆದೆ ಧಗಧಗ ಉರಿಯಿತು.' ಅಲ್ಲಿಂದ ಕಥೆ ಮುಂದಕ್ಕೆ ಓಡುತ್ತದೆ. ವಿಜಯನಗರದ ಹುಡುಗನಿಗೆ ಅದು ಒಣ ಹುಲ್ಲಿನ ಗುಡ್ಡೆ ಅಷ್ಟೇ. ಅವನು ಪುಟ ತಿರುಗಿಸುತ್ತಾನೆ. ನಮ್ಮ ಕಡೆಯ ಯಾರಾದರೂ ಓದಿದರೆ ಅಲ್ಲಿ ನಿಂತುಬಿಡುತ್ತಾರೆ.

ಯಾಕೆ ಅಂತ ಹೇಳುತ್ತೇನೆ. ರಾಗಿ ಕೊಯ್ಲಾಗಿ ಒಕ್ಕಣೆ ಮುಗಿಯುವ ಹೊತ್ತಿಗೆ ಜನವರಿ ಬಂದಿರುತ್ತದೆ. ಕಾಳು ಮನೆಯೊಳಗೆ ಹೋಗುತ್ತದೆ, ಹುಲ್ಲು ಮೆದೆಗೆ ಹೋಗುತ್ತದೆ. ಮೆದೆ ಒಟ್ಟುವುದು ಎಲ್ಲರಿಗೂ ಬರುವ ಕೆಲಸ ಅಲ್ಲ. ಗೆದ್ದಲು ಹತ್ತದ ಹಾಗೆ ಕೆಳಗೆ ಕಲ್ಲು ಜೋಡಿಸಬೇಕು. ಒಬ್ಬರು ಮೇಲೆ ನಿಂತು ತುಳಿಯುತ್ತಾ ಸುತ್ತು ಬರಬೇಕು, ಇನ್ನೊಬ್ಬರು ಕೆಳಗಿನಿಂದ ಕಂತೆ ಎಸೆಯಬೇಕು. ಮೇಲೆ ಹೋಗ್ತಾ ಹೋಗ್ತಾ ಕಿರಿದಾಗಿ, ಮಳೆ ನೀರು ಜಾರಿ ಹೋಗುವ ಹಾಗೆ ತಲೆ ಕಟ್ಟಬೇಕು. ಆಮೇಲೆ ದಿನಾ ಒಂದೇ ಮಗ್ಗುಲಿಂದ ಹುಲ್ಲು ಹಿರಿಯಬೇಕು. ಎಲ್ಲೆಂದರಲ್ಲಿ ಹಿರಿದರೆ ಮೆದೆ ವಾಲುತ್ತದೆ, ಒಳಗೆ ನೀರಿಳಿಯುತ್ತದೆ. ನನ್ನ ಅವ್ವ ಮೆದೆ ನೋಡಿದರೆ ಇನ್ನೆಷ್ಟು ತಿಂಗಳಿಗೆ ಬರುತ್ತದೆ ಅಂತ ಹೇಳುತ್ತಿದ್ದಳು.

ಈಗ ಲೆಕ್ಕ ಹಾಕಿ. ಒಂದು ಹಸು ದಿನಕ್ಕೆ ಐದಾರು ಕೆಜಿ ಒಣ ಹುಲ್ಲು ತಿನ್ನುತ್ತದೆ. ನಿಮ್ಮ ಹುಡುಗಿಯ ಮನೆಯಲ್ಲಿ ಎರಡು ಹಸು ಇವೆ. ಫೆಬ್ರವರಿಯಲ್ಲಿ ಮೆದೆ ಹೋದರೆ, ಮಳೆ ಹಿಡಿದು ಬದುವಿನ ಮೇಲೆ ಹಸಿರು ಏಳುವ ತನಕ ನಾಲ್ಕೈದು ತಿಂಗಳು ಅವಕ್ಕೆ ಏನು ಹಾಕುವುದು? ಹುಲ್ಲು ಕೊಳ್ಳಬೇಕು, ಇಲ್ಲ ಹಸು ಮಾರಬೇಕು. ಹಸು ಮಾರಿದರೆ ಡೈರಿಯ ಬಟವಾಡೆ ನಿಲ್ಲುತ್ತದೆ. ಆ ಮನೆಯಲ್ಲಿ ಹುಡುಗಿಯ ಬಸ್ ಪಾಸು, ನೋಟ್‌ಬುಕ್ಕು, ಅಜ್ಜಿಯ ಮಾತ್ರೆ ಎಲ್ಲ ಬಟವಾಡೆಯಿಂದಲೇ ಬರುವುದು. ಮೆದೆ ಸುಟ್ಟರೆ ಆಕೆಯ ಪಿಯುಸಿಯೇ ಸುಡಬಹುದು. ಇದು ಓದುಗನಿಗೆ ಮೊದಲೇ ಗೊತ್ತಿದ್ದರೆ ಆ ಒಂದು ವಾಕ್ಯ ಸಾಕು, 'ಧಗಧಗ' ಕೂಡ ಬೇಡ.

ಅದಕ್ಕೇ ನನ್ನ ಸಲಹೆ: ಬೆಂಕಿಯನ್ನು ಆರನೆಯದೋ ಏಳನೆಯದೋ ಅಧ್ಯಾಯಕ್ಕೆ ದೂಡಿ. ಮೊದಲ ಅಧ್ಯಾಯದಲ್ಲಿ ಮೆದೆ ಒಟ್ಟಿಸಿ. ಹುಡುಗಿಯೇ ಮೇಲೆ ನಿಂತು ತುಳಿಯಲಿ.

ಆ ತಿಂಗಳುಗಳಲ್ಲಿ ಬೆಂಕಿ ಮನೆಯ ಕೆಲಸದಾಳಿನ ಹಾಗೆ ಇರುತ್ತದೆ ಅನ್ನುವುದನ್ನೂ ಮರೆಯಬೇಡಿ. ಜನವರಿಯಿಂದ ಮಾರ್ಚ್ ತನಕ ನಮ್ಮ ಕಡೆ ಅರಿಶಿನ ಕೀಳುವ ಕಾಲ. ಕಿತ್ತ ಅರಿಶಿನವನ್ನು ಹೊಲದಲ್ಲೇ ದೊಡ್ಡ ಒಲೆ ಹೂಡಿ ಬೇಯಿಸುತ್ತಾರೆ. ಜೋಳದ ಕೂಳೆಗೆ ಬೆಂಕಿ ಹಾಕುತ್ತಾರೆ. ಬೇಲಿ ಸವರಿ, ಸವರಿದ್ದನ್ನು ಗುಡ್ಡೆ ಮಾಡಿ ಸುಡುತ್ತಾರೆ. ರಾತ್ರಿ ಆನೆ ಕಾಯಲು ಅಟ್ಟಣೆ ಹತ್ತುವವರು ಕೆಳಗೊಂದು ಕೊರಡು ಉರಿಸಿಕೊಂಡಿರುತ್ತಾರೆ. ಹೀಗೆ ಎಲ್ಲಾ ಕಡೆ ಸಣ್ಣ ಸಣ್ಣ ಬೆಂಕಿ, ಎಲ್ಲವೂ ಹೇಳಿದ ಮಾತು ಕೇಳುವ ಬೆಂಕಿ. ಅದರಲ್ಲಿ ಯಾವುದೋ ಒಂದು ಬೆಂಕಿ ಒಂದು ದಿನ ಮಾತು ಕೇಳುವುದಿಲ್ಲ.

ಸಿಟಿ ಮಕ್ಕಳಿಗೆ ಅರ್ಥ ಆಗಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. 2019ರ ಫೆಬ್ರವರಿ 23ರಂದು ಯಲಹಂಕದಲ್ಲಿ ಏರೋ ಇಂಡಿಯಾ ನೋಡಲು ಬಂದವರ ಕಾರು ನಿಲ್ಲಿಸಿದ್ದ ಬಯಲಿನಲ್ಲಿ ಬೆಂಕಿ ಎದ್ದು ಸುಮಾರು 300 ಕಾರು ಸುಟ್ಟುಹೋದವು. ಕೆಳಗೆ ಒಣ ಹುಲ್ಲು, ಮೇಲೆ ಬೀಸುವ ಗಾಳಿ. ಅದೇ ದಿನ, ಇಲ್ಲಿಂದ ಇನ್ನೂರು ಚಿಲ್ಲರೆ ಕಿಲೋಮೀಟರ್ ದೂರದ ಬಂಡೀಪುರದಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸುತ್ತ ಕಾಡು ಉರಿಯುತ್ತಿತ್ತು. ಅಲ್ಲೂ ಒಣ ಹುಲ್ಲು, ಅದೇ ತಿಂಗಳ ಗಾಳಿ. ನಾಲ್ಕೈದು ದಿನದಲ್ಲಿ 4,000 ಹೆಕ್ಟೇರ್‌ಗೂ ಮಿಕ್ಕಿ ಕಾಡು ಹೋಯಿತು, ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್ ತಂದು ನೀರು ಸುರಿದರು. ಯಲಹಂಕದ ಕಪ್ಪು ಹೊಗೆಯನ್ನು ಟೆರೇಸ್ ಮೇಲಿನಿಂದ ನೋಡಿದ ಮಗುವಿಗೆ ನಿಮ್ಮ ಕಥೆ ಅರ್ಥ ಆಗದೇ ಇರುತ್ತದಾ?

ಇನ್ನು ಬೆಂಕಿಯ ನಡಿಗೆ. ಇಲ್ಲಿ ನಿಮ್ಮಿಂದ ಒಂದು ದೊಡ್ಡ ತಪ್ಪಾಗಿದೆ. ನಿಮ್ಮ ಬೆಂಕಿ ರಾತ್ರಿ ಎರಡು ಗಂಟೆಗೆ ಬೆಟ್ಟದಿಂದ ಇಳಿದು, ಕುದುರೆ ಓಡಿದ ಹಾಗೆ ಹೊಲಕ್ಕೆ ನುಗ್ಗುತ್ತದೆ. ಬೆಂಕಿ ಗುಡ್ಡ ಹತ್ತುವಾಗ ಓಡುತ್ತದೆ, ಇಳಿಯುವಾಗ ನಿಧಾನ. ಹತ್ತುವಾಗ ಅದರ ಬಿಸಿ ಮೇಲಿನ ಹುಲ್ಲನ್ನು ಮೊದಲೇ ಒಣಗಿಸಿ ಸಿದ್ಧ ಮಾಡಿ ಇಟ್ಟಿರುತ್ತದೆ. ಏರು 10 ಡಿಗ್ರಿ ಜಾಸ್ತಿಯಾದರೆ ಬೆಂಕಿಯ ವೇಗ ಹೆಚ್ಚುಕಡಿಮೆ ಎರಡು ಪಟ್ಟು ಆಗುತ್ತದೆ ಅನ್ನುವುದು ಬೆಂಕಿ ಆರಿಸುವವರು ಇಟ್ಟುಕೊಂಡಿರುವ ಲೆಕ್ಕ. ಇನ್ನು ರಾತ್ರಿ ತಂಪಾಗುತ್ತದೆ, ಗಾಳಿಯಲ್ಲಿ ತೇವ ಏರುತ್ತದೆ, ಸಾಮಾನ್ಯವಾಗಿ ಬೆಂಕಿ ತಗ್ಗುತ್ತದೆ. ಅದು ಮತ್ತೆ ಮೈ ಕೊಡವಿಕೊಂಡು ಏಳುವುದು ಮಧ್ಯಾಹ್ನದ ಬಿಸಿಲಿಗೆ.

ಇದರಿಂದ ನಿಮ್ಮ ಕಥೆಗೆ ನಷ್ಟ ಇಲ್ಲ, ಲಾಭವೇ. ರಾತ್ರಿ ಬೆಟ್ಟದ ಮೇಲೆ ಬೆಂಕಿಯ ಗೆರೆ ಕಾಣುತ್ತದೆ. ದೂರದಿಂದ ನೋಡಿದರೆ ಬೆಟ್ಟಕ್ಕೆ ಹಾರ ಹಾಕಿದ ಹಾಗೆ. ಊರಿನವರೆಲ್ಲ ಜಗಲಿ ಮೇಲೆ ಕೂತು ಅದನ್ನೇ ನೋಡುತ್ತಾರೆ. ಯಾರಿಗೂ ನಿದ್ದೆ ಇಲ್ಲ, ಮಾಡುವುದಕ್ಕೂ ಏನೂ ಇಲ್ಲ. ಆಗಾಗ ಉರಿಯುವ ಕೊರಡೊಂದು ಉರುಳಿ ಕೆಳಗೆ ಬಂದು ಅಲ್ಲೊಂದು ಹೊಸ ಚುಕ್ಕೆ ಹೊತ್ತಿಕೊಳ್ಳುತ್ತದೆ. ಬೆಳಗ್ಗೆ ಎದ್ದರೆ ಅಂಗಳದಲ್ಲಿ, ಒಣ ಹಾಕಿದ ಬಟ್ಟೆ ಮೇಲೆ, ಹಾಲಿನ ಕ್ಯಾನಿನ ಮುಚ್ಚಳದ ಮೇಲೆ ಕರಿ ಬೂದಿ. ಮುಟ್ಟಿದರೆ ಎಲೆಯ ನರ ಕಾಣುತ್ತದೆ, ಒತ್ತಿದರೆ ಪುಡಿ. ಆಮೇಲೆ ಹನ್ನೊಂದು ಗಂಟೆಗೆ ಗಾಳಿ ತಿರುಗುತ್ತದೆ. ನನಗಂತೂ ನಿಮ್ಮ ಎರಡು ಗಂಟೆ ರಾತ್ರಿಯ ಬೆಂಕಿಗಿಂತ ಈ ಹನ್ನೊಂದು ಗಂಟೆಯೇ ಜಾಸ್ತಿ ಭಯ.

ಮರದ ತುದಿಯಿಂದ ತುದಿಗೆ ಹಾರುವ ಬೆಂಕಿಯನ್ನೂ ತೆಗೆಯಿರಿ. ಅದು ಬೇರೆ ದೇಶಗಳ ಪೈನ್ ಕಾಡಿನದ್ದು. ನಮ್ಮ ಎಲೆ ಉದುರುವ ಕಾಡಿನಲ್ಲಿ ಬೆಂಕಿ ಹೆಚ್ಚಾಗಿ ನೆಲದ ಮೇಲೆ ಹೋಗುತ್ತದೆ. ಬರೀ ತರಗೆಲೆ ಇದ್ದರೆ ಮೊಣಕಾಲುದ್ದ. ಒಣಗಿದ ಲಾಂಟಾನ ಪೊದೆ ಸಿಕ್ಕರೆ ಆಳೆತ್ತರಕ್ಕೂ ಮೇಲೆ. ಬಿದಿರು ಹೂ ಬಿಟ್ಟು ಸತ್ತ ಮೆಳೆಗಳಿದ್ದರಂತೂ ಗಿಣ್ಣಿನ ನಡುವಿನ ಗಾಳಿ ಕಾದು, ಪಟಾಕಿ ಸರ ಹಚ್ಚಿದ ಹಾಗೆ ಸಿಡಿಯುತ್ತದೆ. ಮತ್ತಿ ಮರದ ತೊಗಟೆ ಮೊಸಳೆ ಬೆನ್ನಿನ ಹಾಗೆ ದಪ್ಪ. ಬುಡ ಕಪ್ಪಾದರೂ ಅದು ಬದುಕುತ್ತದೆ. ಕಾಡಿನ ಪ್ರಾಣಿಗಳೆಲ್ಲ ಸಾಲಾಗಿ ಓಡಿ ಬರುವ ದೃಶ್ಯವೂ ಬೇಡ. ದೊಡ್ಡವು ಮೊದಲೇ ದೂರ ಹೋಗಿರುತ್ತವೆ. ಸಾಯುವುದು ಆಮೆ, ಹಾವು, ನೆಲದ ಮೇಲಿನ ಗೂಡಿನ ಮೊಟ್ಟೆ. ಬೆಂಕಿಯ ಅಂಚಿನಲ್ಲಿ ಕಾಜಾಣ ಹಕ್ಕಿ ಹಾರುವುದನ್ನು ಬರೆಯಿರಿ. ಹೊಗೆಗೆ ಎದ್ದ ಹುಳ ಹಿಡಿಯಲು ಅವು ಬೆಂಕಿಯ ಪಕ್ಕಕ್ಕೇ ಬರುತ್ತವೆ.

ಹೊಲದ ಕಡೆಯ ಕೆಲವು ವಿಷಯ. ನಿಮ್ಮ ಅಪ್ಪನ ಪಾತ್ರ ಓಡಿ ಹೋಗಿ ಬೋರ್‌ವೆಲ್ ಮೋಟಾರ್ ಹಾಕುತ್ತಾನೆ, ನೀರು ಚಿಮ್ಮುತ್ತದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಕೊಡುವುದೇ ದಿನಕ್ಕೆ ಏಳು ಗಂಟೆ ಲೆಕ್ಕ, ಅದೂ ಪಾಳಿಯಲ್ಲಿ. ಬೆಂಕಿ ಬಂದ ಹೊತ್ತಿಗೆ ಕರೆಂಟ್ ಇರಬೇಕು ಅಂತ ಏನಿದೆ? ಅಪ್ಪ ಸ್ವಿಚ್ ಒತ್ತಲಿ, ಏನೂ ಆಗದಿರಲಿ. ಹನಿ ನೀರಾವರಿಯ ಕರಿ ಪೈಪು ಬಿಸಿಗೆ ಮೆತ್ತಗಾಗಿ ನೆಲಕ್ಕೆ ಅಂಟಿಕೊಳ್ಳುತ್ತದೆ. ಆನೆ ಕಂದಕವನ್ನು ಬೆಂಕಿ ದಾಟಲ್ಲ ಅಂತ ಬರೆದಿದ್ದೀರಿ. ನೆಲದ ಬೆಂಕಿ ದಾಟಲ್ಲ, ಸರಿ. ಕಿಡಿ ಗಾಳಿಯಲ್ಲಿ ಆರಾಮಾಗಿ ದಾಟುತ್ತದೆ. ಔಷಧಿ ಹೊಡೆಯುವ ಸ್ಪ್ರೇಯರ್‌ನಲ್ಲಿ ನೀರು ತುಂಬಿ ಬಳಸುವುದು ನಿಜ. ಆದರೆ 16 ಲೀಟರ್ ಕ್ಯಾನು ತುಂಬಿದರೆ 16 ಕೆಜಿ ನೀರೇ ಆಯಿತು. ಹದಿನೈದರ ಹುಡುಗಿ ಅದನ್ನು ಹೊತ್ತು ಓಡಲಾರಳು, ಬೆನ್ನು ಬಾಗಿಸಿ ನಡೆಯುತ್ತಾಳೆ. ಆ ನಡಿಗೆ ಬರೆಯಿರಿ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಮೂರನೇ ಅಧ್ಯಾಯದಲ್ಲಿ ಆಕೆ ಒಬ್ಬಳೇ ಹಸಿ ಸೊಪ್ಪು ಹಿಡಿದು ಬೆಂಕಿಯ ಮುಂದೆ ನಿಂತು ಬಡಿಯುತ್ತಾಳೆ. ದಯವಿಟ್ಟು ಅದನ್ನು ತೆಗೆಯಿರಿ. ಇದನ್ನು ಮಕ್ಕಳು ಓದುತ್ತಾರೆ. ಕಾಡಂಚಿನ ಮಕ್ಕಳೂ ಓದಬಹುದು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋಗಿ ಒಬ್ಬ ಅರಣ್ಯ ರಕ್ಷಕರು ಸತ್ತರು. ಅದೇ ಕೆಲಸ ಮಾಡುವ ಸಿಬ್ಬಂದಿಯ ಗತಿಯೇ ಹಾಗಾಗಿದೆ. ತಿಳಿದವರು ಬೆಂಕಿಯ ಎದುರಿಗೆ ನಿಲ್ಲುವುದಿಲ್ಲ. ಮಗ್ಗುಲಿನಿಂದ, ಹಿಂದಿನಿಂದ ಬಡಿದುಕೊಂಡು ಬರುತ್ತಾರೆ. ಸುಟ್ಟು ಕಪ್ಪಾದ ನೆಲವನ್ನು ಹತ್ತಿರದಲ್ಲೇ ಇಟ್ಟುಕೊಂಡಿರುತ್ತಾರೆ, ಯಾಕೆಂದರೆ ಅಲ್ಲಿ ಮತ್ತೆ ಸುಡಲು ಏನೂ ಉಳಿದಿಲ್ಲ. ಮೈಮೇಲೆ ಹತ್ತಿ ಬಟ್ಟೆ ಇರುತ್ತದೆ. ನೈಲಾನ್, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಇದೆಲ್ಲ ಆಕೆಯ ಮಾವನಿಗೆ ಗೊತ್ತಿರಲಿ. ಆಕೆಗೆ ಬೇರೆ ಕೆಲಸ ಕೊಡಿ. ಹಸುಗಳ ಕಣ್ಣಿ, ಅಂದರೆ ಕಟ್ಟಿದ ಹಗ್ಗ, ಬಿಚ್ಚಬೇಕು. ನಡೆಯಲಾಗದ ಅಜ್ಜಿಯನ್ನು ಉತ್ತ ಹೊಲದ ನಡುವಿಗೆ ಕರೆದುಕೊಂಡು ಹೋಗಬೇಕು. ಹೊಗೆ ಕುಡಿದು ಬೆದರಿದ ಹಸುವಿನ ಕಣ್ಣಿ ಗೂಟದಲ್ಲಿ ಬಿಗಿದುಕೊಂಡುಬಿಟ್ಟಿರುತ್ತದೆ, ಅದು ಎಳೆದಷ್ಟೂ ಗಂಟು ಬಿಗಿ. ಕುಡುಗೋಲು ಎಲ್ಲಿದೆ? ಇಷ್ಟು ಸಾಕು ಒಂದು ಅಧ್ಯಾಯಕ್ಕೆ.

ಈಗ ನಿಮ್ಮ ಕೊನೆಯ ಪ್ರಶ್ನೆ, ಬೆಂಕಿ ಹಚ್ಚಿದ್ದು ಯಾರು. ನಿಮ್ಮ ಹಸ್ತಪ್ರತಿಯಲ್ಲಿ ಊರಿನವರೆಲ್ಲ ಪಕ್ಕದ ಪೋಡಿನ, ಅಂದರೆ ಸೋಲಿಗ ಬುಡಕಟ್ಟಿನವರ ಹಾಡಿಯ, ಮುದುಕನ ಮೇಲೆ ಅನುಮಾನ ಪಡುತ್ತಾರೆ. ಕೊನೆಗೆ ಯಾವನೋ ಹೊರಗಿನವನು ಅಂತ ಗೊತ್ತಾಗುತ್ತದೆ, ಎಲ್ಲರೂ ಆರಾಮಾಗುತ್ತಾರೆ. ಇದು ನನಗೆ ಸರಿ ಬರಲಿಲ್ಲ. ನಮ್ಮ ಕಾಡಿನ ಬೆಂಕಿ ಬಹುಪಾಲು ಮನುಷ್ಯರಿಂದಲೇ ಆಗುವುದು ನಿಜ. ಆದರೆ ಕಾರಣ ಒಂದೇ ಅಲ್ಲ. ಸೇದಿ ಎಸೆದ ಬೀಡಿ, ಜೇನಿಗೆ ಹಾಕಿದ ಹೊಗೆ, ಹೊಸ ಹುಲ್ಲು ಬರಲಿ ಅಂತ ದನ ಮೇಯಿಸುವವರು ಇಟ್ಟ ಕಡ್ಡಿ, ಅರಣ್ಯ ಇಲಾಖೆಯ ಮೇಲಿನ ಸಿಟ್ಟು, ಕೈ ಮೀರಿದ ಹೊಲದ ಬೆಂಕಿ.

ಸೋಲಿಗರ ವಿಷಯ ಬರೆಯುವುದಾದರೆ ಪೂರ್ತಿ ಬರೆಯಿರಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಹಿಂದೆ ತರಗು ಬೆಂಕಿ ಅಂತ ಒಂದು ಪದ್ಧತಿ ಇತ್ತು. ಬೇಸಿಗೆ ಬಲಿಯುವ ಮೊದಲು, ಜನವರಿ ಸುಮಾರಿಗೆ, ನೆಲದಲ್ಲಿ ಇನ್ನೂ ಸ್ವಲ್ಪ ತೇವ ಇರುವಾಗಲೇ ತರಗೆಲೆಗೆ ಬೆಂಕಿ ಇಡುತ್ತಿದ್ದರು. ಸಣ್ಣಗೆ ಹರಿದು ಆರಿಹೋಗುವ ಬೆಂಕಿ. ಇದರಿಂದ ಲಾಂಟಾನ ಹಬ್ಬುತ್ತಿರಲಿಲ್ಲ, ನೆಲ್ಲಿ ಮರಕ್ಕೆ ಹತ್ತುವ ಉಪ್ಪಿಲು ಅನ್ನುವ ಬದನಿಕೆ (ಮರದ ರಸ ಹೀರಿ ಬದುಕುವ ಗಿಡ) ಕಡಿಮೆ ಇತ್ತು ಅಂತ ಹಿರಿಯರು ಹೇಳುತ್ತಾರೆ. 1974ರಲ್ಲಿ ಆ ಬೆಟ್ಟದ ಕಾಡು ವನ್ಯಧಾಮವಾಯಿತು, ಆ ಬೆಂಕಿ ನಿಂತಿತು. ಇಲಾಖೆಯವರೂ ಬೇಸಿಗೆಗೆ ಮೊದಲು ಬೆಂಕಿ ರೇಖೆ, ಅಂದರೆ ಬೆಂಕಿ ದಾಟದ ಹಾಗೆ ಒಂದು ಪಟ್ಟಿ, ಸವರಿ ಸುಡುತ್ತಾರೆ ಅಲ್ವಾ? ಅದೂ ಕಾಡು ಉಳಿಸಲು ಇಡುವ ಬೆಂಕಿಯೇ. ಹಾಗಂತ ಇವತ್ತು ಯಾರು ಬೇಕಾದರೂ ಕಡ್ಡಿ ಗೀರಬಹುದು ಅಂತ ಅಲ್ಲ. ಆಳೆತ್ತರ ಲಾಂಟಾನ ತುಂಬಿರುವ ಕಾಡಿನಲ್ಲಿ ಅದೇ ಸಣ್ಣ ಬೆಂಕಿ ದೊಡ್ಡದಾಗುತ್ತದೆ, ಅಪರಾಧ ಕೂಡ. ಆದರೆ ಆ ಮುದುಕನಿಗೆ ಬೆಂಕಿಯ ಬಗ್ಗೆ ಊರಿನ ಎಲ್ಲರಿಗಿಂತ ಜಾಸ್ತಿ ಗೊತ್ತು. ಅವನನ್ನು ಸುಮ್ನೆ ಅನುಮಾನಕ್ಕೆ ಬಳಸಿ ಬಿಟ್ಟುಬಿಡಬೇಡಿ. ಗಾಳಿ ಎತ್ತ ತಿರುಗುತ್ತದೆ ಅಂತ ಅವನು ಮೊದಲೇ ಹೇಳಲಿ, ಯಾರೂ ಕೇಳದಿರಲಿ.

ನನ್ನನ್ನು ಕೇಳಿದರೆ, ಬೆಂಕಿ ಆ ಹುಡುಗಿಯ ಅಪ್ಪನದ್ದೇ ಆಗಿರಲಿ. ಬೇಲಿ ಸವರಿದ ಲಾಂಟಾನದ ಗುಡ್ಡೆಗೆ ಬೆಳಗಿನ ತಂಪಿನಲ್ಲಿ ಬೆಂಕಿ ಇಟ್ಟ. ಆರಿತು ಅಂತ ನಂಬಿ ಊಟಕ್ಕೆ ಹೋದ. ಒಳಗೆ ಒಂದು ಒಣ ಸಗಣಿಯ ಉಂಡೆ ಹೊಗೆಯಾಡುತ್ತಲೇ ಇತ್ತು. ಮಾವ ಇಲಾಖೆಯಲ್ಲಿ ದಿನಗೂಲಿಯ ಫೈರ್ ವಾಚರ್. ಅಲ್ಲಿ ವಾಚರ್‌ಗಳಾಗಿ ಹೋಗುವವರು ಇವೇ ಊರುಗಳ, ಇವೇ ಹಾಡಿ ಪೋಡುಗಳ ಜನ. ಅಪ್ಪ ಇಟ್ಟ ಬೆಂಕಿಯನ್ನು ಮಾವ ಬಡಿಯುತ್ತಾನೆ. ಹುಡುಗಿ ಎರಡನ್ನೂ ಕಂಡಿದ್ದಾಳೆ. ಮರುದಿನ ಅರಣ್ಯ ಇಲಾಖೆಯ ಜೀಪು ಊರಿಗೆ ಬಂದು 'ಯಾರು?' ಅಂತ ಕೇಳಿದಾಗ, ಕೆಲವರು ಪೋಡಿನ ಕಡೆ ಕೈ ತೋರಿಸಿದಾಗ, ಅವಳು ಬಾಯಿ ಬಿಡುತ್ತಾಳಾ? ಹದಿನೈದು ವರ್ಷದ ಓದುಗರಿಗೆ ಇಂಥ ಪ್ರಶ್ನೆ ಬೇಕು. ಉತ್ತರ ಏನು ಅಂತ ನೀವು ತೀರ್ಮಾನ ಮಾಡಿ. ಯಾವ ಉತ್ತರವಾದರೂ ಅವಳಿಗೆ ಸುಲಭವಾಗಿ ಸಿಗದಿರಲಿ.

ಭಾಷೆ ಬಗ್ಗೆ ಚಿಕ್ಕದಾಗಿ. ನಿಮ್ಮ ಅಜ್ಜಿ ಧಾರವಾಡದ ಧಾಟಿಯಲ್ಲಿ ಮಾತಾಡುತ್ತಾಳೆ, ಬಣವೆ ಅನ್ನುತ್ತಾಳೆ. ನಮ್ಮಲ್ಲಿ ಮೆದೆ. 'ಏನು' ಅನ್ನುವುದಕ್ಕೆ ನಮ್ಮ ಕಡೆ 'ಯಾನ' ಅನ್ನುತ್ತೇವೆ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ದಿನ ಕೂತು ಕೇಳಿ. ಹೋಗುವುದಾದರೆ ಫೆಬ್ರವರಿಯಲ್ಲೇ ಹೋಗಿ, ಚೆಂಡು ಹೂವು, ಸೂರ್ಯಕಾಂತಿ ಅರಳಿ ಎಲ್ಲ ಚೆಂದ ಕಾಣುವ ಮಳೆಗಾಲದಲ್ಲಿ ಬೇಡ.

ಬೆಂಕಿ ಆರಿದ ಮೇಲಿನ ಕಥೆಯನ್ನು ನೀವು ಅರ್ಧ ಪುಟದಲ್ಲಿ ಮುಗಿಸಿದ್ದೀರಿ: ಮಳೆ ಬಂತು, ಎಲ್ಲ ಹಸಿರಾಯಿತು. ಏಪ್ರಿಲ್ ಕೊನೆಗೆ ಶುರುವಾಗುವ ಭರಣಿ ಮಳೆಗೆ ಸುಟ್ಟ ನೆಲದಲ್ಲಿ ಹುಲ್ಲು ಚಿಗುರುವುದು, ಜಿಂಕೆ ಬರುವುದು ನಿಜ. ಅದೇ ಮಳೆಗೆ ಲಾಂಟಾನವೂ ಬುಡದಿಂದ ಮತ್ತೆ ಏಳುತ್ತದೆ, ಅದನ್ನೂ ಬರೆಯಿರಿ. ಫೆಬ್ರವರಿಯಿಂದ ಆ ಮಳೆಯ ತನಕದ ಎರಡು ತಿಂಗಳು ಎಲ್ಲಿ ಹೋಯಿತು? ಅದನ್ನು ಬಿಡಬೇಡಿ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮ ಮೆದೆಗೂ ಕಿಡಿ ಬಿತ್ತು. ಎಲ್ಲಿಂದ ಬಂತು ಅಂತ ಇವತ್ತಿಗೂ ಗೊತ್ತಿಲ್ಲ. ಮೆದೆಯೊಳಗೆ ಬೆಂಕಿ ಹೊಕ್ಕರೆ ಮೇಲೆ ಎಷ್ಟು ನೀರು ಸುರಿದರೂ ಒಳಗೆ ಬೇಯುತ್ತಲೇ ಇರುತ್ತದೆ. ಎಳೆದು ಹರಡಬೇಕು. ಅಪ್ಪ, ಚಿಕ್ಕಪ್ಪ ಉದ್ದ ಕೊಕ್ಕೆ ಹಾಕಿ ಎಳೆದರು. ಉಳಿದದ್ದು ಕಾಲುಭಾಗ, ಅದೂ ಹೊಗೆ ವಾಸನೆ. ಅವ್ವ ಹಸುಗಳನ್ನು ಬಿಚ್ಚಿ ಹೊಲಕ್ಕೆ ಅಟ್ಟಿ ಬಂದವಳು ಅಳಲಿಲ್ಲ. ಕೊಟ್ಟಿಗೆಗೆ ಹೋಗಿ ಬಿಚ್ಚಿ ಬಿಸಾಡಿದ್ದ ಕಣ್ಣಿಗಳನ್ನು ಒಂದೊಂದಾಗಿ ಆಯ್ದು ತಂದು ಮೊಳೆಗೆ ಸಿಕ್ಕಿಸಿದಳು. ಸಂಜೆ ಬೇಕಾಗುತ್ತದಲ್ಲ.

ಮರುದಿನ ಬೆಳಗ್ಗೆಯಿಂದ ಊರಿನವರು ಬಂದರು. ಒಂದೊಂದು ಮನೆಯಿಂದ ಒಂದೊಂದು ಹೊರೆ. ಒಬ್ಬರದ್ದು ರಾಗಿ ಹುಲ್ಲು, ಒಬ್ಬರದ್ದು ಜೋಳದ ಕಡ್ಡಿ, ಒಬ್ಬರದ್ದು ನಂಜನಗೂಡಿನ ನೆಂಟರ ಮನೆಯಿಂದ ತಂದಿದ್ದ ಭತ್ತದ ಹುಲ್ಲು. ಯಾರೂ ಜಾಸ್ತಿ ಮಾತಾಡಲಿಲ್ಲ. ಹಿತ್ತಲಿನಲ್ಲಿ ಇಳಿಸಿ, ಹೆಗಲ ಮೇಲಿನ ಟವೆಲ್ಲಿನಿಂದ ಮೈ ಕೊಡವಿ ಹೋದರು. ನಮ್ಮ ಹಸು ಆ ಭತ್ತದ ಹುಲ್ಲನ್ನು ಮೂಸಿ ಹಾಗೇ ಬಿಟ್ಟಿತು. ಅವ್ವ ಅದರ ಮುಂದೆ ಕೂತು, ಉಳಿದಿದ್ದ ನಮ್ಮದೇ ರಾಗಿ ಹುಲ್ಲಿನ ಜೊತೆ ಒಂದೊಂದು ಹಿಡಿ ಬೆರೆಸಿ ಬೆರೆಸಿ ಬಾಯಿಗೆ ಕೊಟ್ಟಳು.